ಇರಲಪ್ಪನವರ ಇಪ್ಪತ್ತೆರಡು ವರ್ಷದ ಕ್ಯಾಬರ್ನೆ

ತೂಕ ಮತ್ತು ಅಳತೆ ಕಚೇರಿಯಲ್ಲಿ ಮೂವತ್ತು ವರ್ಷ ತಕ್ಕಡಿ ಹಿಡಿದ ಈ ಮನುಷ್ಯರಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇತ್ತು. ಅದು ಹಾಜರಿ ಪುಸ್ತಕದಲ್ಲಿ ಭದ್ರವಾಗಿತ್ತು. ಹೊರಗೆ ಮಾತ್ರ ಎಲ್ಲರ ಬಾಯಲ್ಲೂ ಅವರು ಇರಲಪ್ಪ.

ಈ ಹೆಸರು ಸುಮ್ಮನೆ ಬಂದದ್ದಲ್ಲ, ಕಷ್ಟಪಟ್ಟು ಸಂಪಾದಿಸಿದ್ದು. ಹೊಸ ಅಂಗಿ ತಂದರೆ "ಇರಲಪ್ಪ, ಒಳ್ಳೇ ದಿನ ಬರಲಿ" ಎಂದು ಬೀರುವಿನಲ್ಲಿ ಇಡುವರು. ಒಳ್ಳೇ ದಿನ ಬರುವಷ್ಟರಲ್ಲಿ ಹೊಟ್ಟೆ ಬಂದಿರುತ್ತಿತ್ತು. ಕೊಡೆ ಕೊಂಡ ವರ್ಷ ಮಳೆ ಜೋರಾಗಿಯೇ ಹಿಡಿಯಿತು. ಹೊಸ ಕೊಡೆ ನೆನೆದೀತೆಂದು ಅದನ್ನು ಕಂಕುಳಲ್ಲಿ ಅವಚಿಕೊಂಡು, ತಾವು ತೊಪ್ಪೆಯಾಗಿ ಮನೆಗೆ ಬಂದರು. ಮಗಳು ಮೊದಲ ಕೆಲಸ ಸಿಕ್ಕಾಗ ತಂದುಕೊಟ್ಟ ಪೆನ್ನು ಇನ್ನೂ ಡಬ್ಬಿಯಲ್ಲೇ ಇತ್ತು, ಅದರಲ್ಲಿ ಬರೆಯುವಷ್ಟು ದೊಡ್ಡ ವಿಷಯ ಇವರಿಗೆ ಹೊಳೆದಿರಲಿಲ್ಲ. ನಡುಮನೆಯ ಕುರ್ಚಿಗಳಿಗೆ ಅಂಗಡಿಯವನು ಸುತ್ತಿದ್ದ ಪ್ಲಾಸ್ಟಿಕ್ಕನ್ನು ಹನ್ನೊಂದು ವರ್ಷವಾದರೂ ಬಿಚ್ಚಿರಲಿಲ್ಲ. ನೆಂಟರು ಕೂತರೆ ಪರಪರ, ಎದ್ದರೆ ಪರಪರ.

ಇಂಥವರ ಕೈಗೆ ಅವರ ಅಣ್ಣ ಎರಡು ಬಾಟಲಿ ವೈನ್ ಕೊಟ್ಟರು.

ಅಣ್ಣ ಒಂದು ವೈನ್ ಕಾರ್ಖಾನೆಯಲ್ಲಿ ಪೀಪಾಯಿಗಳ ಮೇಸ್ತ್ರಿ. ಅವರ ಮೂಗು ಆ ಕಾರ್ಖಾನೆಯ ಆಸ್ತಿ. ಕಣ್ಣಿಗೆ ಬಟ್ಟೆ ಕಟ್ಟಿ ನಿಲ್ಲಿಸಿದರೂ "ಇದು ಮೂರನೇ ಸಾಲಿನ ಏಳನೇ ಪೀಪಾಯಿ" ಎನ್ನುವರು. ತಮ್ಮನ ಮನೆಗೆ ಬಂದರೆ ಹೊಸ್ತಿಲು ದಾಟುವ ಮೊದಲೇ "ಬೆಳಿಗ್ಗೆ ಹಾಲು ಸೀದಿತ್ತೇನಮ್ಮ?" ಎಂದು ಕೇಳುವರು. ತಮ್ಮನ ಹೆಂಡತಿ ಮೂರು ಸಲ ತೊಳೆದಿಟ್ಟ ಪಾತ್ರೆಯನ್ನು ನಾಲ್ಕನೇ ಸಲ ತೊಳೆಯುವಳು.

ಇರಲಪ್ಪನವರು ಸ್ವಂತ ಮನೆ ಕಟ್ಟಿ ಒಕ್ಕಲಾದ ದಿನ ಅಣ್ಣ ಆ ಬಾಟಲಿಗಳನ್ನು ಹಳೇ ಪಂಚೆಯಲ್ಲಿ ಸುತ್ತಿ ತಂದಿದ್ದರು. "ನೋಡೋ, ಇದು ಕ್ಯಾಬರ್ನೆ. ಆ ಜಾತಿ ದ್ರಾಕ್ಷೀದು. ಪೀಪಾಯಿ ನಾನೇ ಆರಿಸಿ ತುಂಬಿಸಿದ್ದೀನಿ. ಕತ್ತಲಲ್ಲಿ ಮಲಗಿಸಿಡು. ಎಂಟು ವರ್ಷ. ಎಂಟು ಅಂದ್ರೆ ಎಂಟೇ. ಆಮೇಲೆ ನಾನು ಬರ್ತೀನಿ, ಇಬ್ರೂ ಕೂತು ಕುಡಿಯೋಣ. ಆವಾಗ ಇದರ ವಾಸನೆ ಹೇಗಿರುತ್ತೆ ಅಂದ್ರೆ..." ಎಂದು ಕಣ್ಣು ಮುಚ್ಚಿದರು. ಮುಚ್ಚಿದ ಕಣ್ಣನ್ನು ಸ್ವಲ್ಪ ಹೊತ್ತು ತೆರೆಯಲೇ ಇಲ್ಲ. "ಹೋಗಲಿ, ಹೇಳೋಕಾಗಲ್ಲ. ಅವತ್ತು ನೀನೇ ನನಗೆ ಹೇಳುವಿಯಂತೆ."

ಇರಲಪ್ಪನವರ ಮನೆಯಲ್ಲಿ ಮೆಟ್ಟಿಲ ಕೆಳಗೆ ಒಂದು ಹೊಂಡವಿತ್ತು. ನೀರಿನ ತೊಟ್ಟಿಗೆಂದು ಗಾರೆ ಮೇಸ್ತ್ರಿ ಅಗೆದು, ಅಳತೆ ತಪ್ಪಿ, ನಾಲ್ಕು ಮೆಟ್ಟಿಲು ಕಟ್ಟಿ ಕೈಬಿಟ್ಟ ಜಾಗ. ಅಳತೆ ಇಲಾಖೆಯವರ ಮನೆಯಲ್ಲೇ ಅಳತೆ ತಪ್ಪಿದ್ದನ್ನು ಹೊರಗೆ ಹೇಳುವಂತಿರಲಿಲ್ಲ. ಹೆಂಡತಿ ಅದನ್ನು "ಗುಂಡಿ" ಎನ್ನುತ್ತಿದ್ದಳು, ಅಲ್ಲಿ ಈರುಳ್ಳಿ ಮೂಟೆ ಇಡುತ್ತಿದ್ದಳು. ಬಾಟಲಿಗಳನ್ನು ಅಲ್ಲಿ ಮಲಗಿಸಿದ ದಿನದಿಂದ ಇರಲಪ್ಪನವರು ಮಾತ್ರ ಅದನ್ನು, ವೈನ್ ಇಡುವ ನೆಲಮಾಳಿಗೆಯೆಂಬಂತೆ, "ನಮ್ಮ ಸೆಲ್ಲರ್" ಎನ್ನತೊಡಗಿದರು.

ಎಂಟನೇ ವರ್ಷ ಅಣ್ಣ ಬಿರಡೆ ತೆಗೆಯುವ ತಿರುಪನ್ನು ಜೇಬಿನಲ್ಲಿಟ್ಟುಕೊಂಡೇ ಬಂದರು. "ಏನೋ, ತೆಗೆಯೋಣ್ವಾ?"

"ಇರಲಣ್ಣ. ಮಗಳ ಪರೀಕ್ಷೆ ಮುಗೀಲಿ."

ಹನ್ನೊಂದನೇ ವರ್ಷ ಬಂದರು. "ಇರಲಣ್ಣ. ನನಗೆ ಬಡ್ತಿ ಆಗೋದಿದೆ." ಹದಿನೈದನೇ ವರ್ಷ, ಕಾರ್ಖಾನೆಯಿಂದ ನಿವೃತ್ತರಾಗಿ, ಕೊರಳಿನ ಹಾರವನ್ನು ಚೀಲಕ್ಕೆ ತುರುಕಿಕೊಂಡು ನೇರ ತಮ್ಮನ ಮನೆಗೇ ಬಂದರು. "ಇವತ್ತು ತೆಗೀದೆ ಇನ್ಯಾವತ್ತೋ?"

"ಇರಲಣ್ಣ. ಮನೆಗೆ ಬಣ್ಣ ಹೊಡಿಸಿಬಿಡ್ತೀನಿ, ಆಮೇಲೆ ನೆಮ್ಮದಿಯಾಗಿ."

ಅಣ್ಣ ನಕ್ಕರು. ಹೋಗುವಾಗ ತಿರುಪನ್ನು ಗೂಟಕ್ಕೆ ತೂಗುಹಾಕಿ, "ಇದು ನಿನ್ನ ಹತ್ರಾನೇ ಇರಲಿ, ನಾನು ಹೊತ್ತು ಹೊತ್ತು ಜೇಬು ತೂತಾಯ್ತು" ಎಂದರು. ಅಲ್ಲಿಂದ ಮುಂದೆ ಬಂದರೂ ಕೇಳಲಿಲ್ಲ. ಕೇಳಲಿಲ್ಲವಲ್ಲ ಎಂದು ಇರಲಪ್ಪನವರಿಗೆ ಹಾಯೆನಿಸಿತು. ಇದನ್ನು ನೆನೆದಾಗಲೆಲ್ಲ ಈಗ ಅವರಿಗೆ ತಮ್ಮ ಕೆನ್ನೆಗೆ ತಾವೇ ಹೊಡೆದುಕೊಳ್ಳಬೇಕು ಎನಿಸುತ್ತದೆ.

ಆದರೆ ಅವರದೂ ಒಂದು ಲೆಕ್ಕಾಚಾರವಿತ್ತು. ಎಂಟು ವರ್ಷಕ್ಕೆ ಅಣ್ಣ ಕಣ್ಣು ಮುಚ್ಚುವಷ್ಟು ಚೆನ್ನಾಗಿ ಆಗುವುದಾದರೆ, ಹದಿನಾರಕ್ಕೆ ಅದರ ಎರಡರಷ್ಟು. ಇಪ್ಪತ್ತನಾಲ್ಕಕ್ಕೆ ಮೂರರಷ್ಟು. ತಕ್ಕಡಿ ಹಿಡಿದವರಿಗೆ ಇದರಲ್ಲಿ ಅನುಮಾನವೇ ಇರಲಿಲ್ಲ. ಜೊತೆಗೆ ಪುರಾವೆಯೂ ಇತ್ತು. ಪ್ರತಿ ವರ್ಷ ಅದೇ ತಾರೀಖು ಕಚೇರಿಯ ಸೂಕ್ಷ್ಮ ತಕ್ಕಡಿ ತಂದು ಬಾಟಲಿಗಳನ್ನು ತೂಗಿ, ನೋಟುಪುಸ್ತಕದಲ್ಲಿ ಬರೆದಿಡುತ್ತಿದ್ದರು. ಮೊದಲ ಎಂಟು ವರ್ಷ ಒಂದು ಗ್ರಾಂ ಕೂಡ ಹೆಚ್ಚುಕಡಿಮೆ ಇರಲಿಲ್ಲ. ಒಂಬತ್ತನೇ ವರ್ಷದಿಂದ ಇಳಿಯತೊಡಗಿತು. "ಇಳಿಕೆ: ಎರಡು ಗ್ರಾಂ. ನೀರಂಶ ಹೋಗಿ ಸಾರ ನಿಲ್ಲುತ್ತಿದೆ" ಎಂದು ಬರೆದು ಅಡಿಗೆರೆ ಎಳೆದಿದ್ದರು. ಮುಂದಿನ ವರ್ಷ "ಇಳಿಕೆ: ಮೂರು ಗ್ರಾಂ. ಪ್ರಗತಿ ತೃಪ್ತಿಕರ."

ಹೀಗೆ ತೃಪ್ತಿಕರವಾಗಿ ಇಪ್ಪತ್ತೆರಡು ವರ್ಷ ತುಂಬಿದಾಗ ಕಚೇರಿಗೆ ಹೊಸ ಸಾಹೇಬರು ಬಂದರು.

ಸಾಹೇಬರು ಎಲ್ಲೋ ತರಬೇತಿಗೆಂದು ಹೋಗಿ ಹದಿನೈದು ದಿನ ಇದ್ದು ಬಂದವರು. ಆ ಹದಿನೈದು ದಿನವನ್ನು ಅವರು ದಿನಕ್ಕೆ ಎರಡು ಸಲ ಚಹಾದ ಹೊತ್ತಿಗೆ ಹೇಳುತ್ತಿದ್ದರು. "ವೈನ್ ಅಂದ್ರೆ ಹತ್ತು ವರ್ಷ ಆಗಿರಬೇಕು ಕಣ್ರೀ. ಇಲ್ಲದಿದ್ರೆ ಅದು ಬರೀ ದ್ರಾಕ್ಷಿ ನೀರು. ನಿಮಗೆಲ್ಲ ಅದು ಎಲ್ಲಿ ಗೊತ್ತಾಗಬೇಕು!"

ಪಕ್ಕದಲ್ಲೇ ಮುದ್ರೆ ವಿಭಾಗ. ತೂಕದ ಕಲ್ಲುಗಳಿಗೆ ಸರ್ಕಾರಿ ಮುದ್ರೆ ಕುಟ್ಟುವ ನೌಕರನೊಬ್ಬ ಅಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಠಣ್ ಠಣ್ ಎನ್ನಿಸುತ್ತಿದ್ದ. ಅವನಿಗೆ ಸುತ್ತಿಗೆ ಎಂದೇ ಹೆಸರು. ಆ ಸದ್ದಿನ ನಡುವೆ ಇರಲಪ್ಪನವರ ಬಾಯಿಂದ, ಅವರಿಗೇ ತಿಳಿಯದಂತೆ, ಮಾತು ಜಾರಿತು.

"ನಮ್ಮನೆ ಸೆಲ್ಲರಲ್ಲಿ ಇಪ್ಪತ್ತೆರಡು ವರ್ಷದ ಕ್ಯಾಬರ್ನೆ ಇದೆ ಸಾರ್."

ಸಾಹೇಬರ ಲೋಟ ತುಟಿಯ ಹತ್ತಿರ ನಿಂತಿತು. ಈ ಮನುಷ್ಯನಿಗೆ ಸೆಲ್ಲರ್ ಇರಬಹುದೆಂದು ಅವರು ಕನಸಲ್ಲೂ ಎಣಿಸಿರಲಿಲ್ಲ. "ಇಪ್ಪತ್ತೆರಡಾ? ಹಾಗಾದ್ರೆ ರುಚಿ ನೋಡಲೇಬೇಕು. ಈ ಭಾನುವಾರ ಬರ್ಲಾ, ನಾಲ್ಕು ಗಂಟೆಗೆ?"

ಇರಲಪ್ಪನವರು ಬಾಯಿ ತೆರೆದರು. ಮೂವತ್ತು ವರ್ಷದ ಅಭ್ಯಾಸದಂತೆ "ಇರಲಿ" ಎನ್ನಬೇಕಿತ್ತು. ಸಾಹೇಬರ ಮುಖ ನೋಡಿದರು. "ಬನ್ನಿ ಸಾರ್" ಎಂದರು.

ಒಡಹುಟ್ಟಿದವನಿಗೆ ಮೂರು ಸಲ ಸಿಗದ ಮಾತು ನಿನ್ನೆ ಮೊನ್ನೆ ಬಂದ ಸಾಹೇಬರಿಗೆ ಒಂದೇ ಸಲಕ್ಕೆ ಸಿಕ್ಕಿತು. ಮನೆಗೆ ಹೋಗುವ ದಾರಿಯಲ್ಲಿ ಇದು ಹೊಳೆದು ಇರಲಪ್ಪನವರಿಗೆ ಇರುಸುಮುರುಸಾಯಿತು. ಕೂಡಲೇ ಅಣ್ಣನಿಗೆ ಫೋನ್ ಮಾಡಿದರು.

"ಅಣ್ಣ, ಭಾನುವಾರ ತೆಗೀತಾ ಇದ್ದೀನಿ. ಬಾ."

ಆ ಕಡೆ ಕುರ್ಚಿ ಎಳೆದು ಕೂತ ಸದ್ದಾಯಿತು. ಆಮೇಲೆ, "ತೆಗೀತೀಯಾ? ನಿಜವಾಗ್ಲೂ? ... ಬರ್ತೀನಿ ಬಿಡು" ಎಂದರು ಅಣ್ಣ.

ಇತ್ತ ಸುತ್ತಿಗೆಯ ವಿಷಯ. ಅವನಿಗೆ ಆ ಮಾತು ಎರಡು ಪೆಟ್ಟುಗಳ ನಡುವೆ ಕೇಳಿಸಿತ್ತು. "ಇಪ್ಪತ್ತೆರಡು ವರ್ಷದ ಕ್ಯಾಬರ್..." ಠಣ್. ಕೊನೆಯ ಅಕ್ಷರವನ್ನು ಸುತ್ತಿಗೆಯೇ ನುಂಗಿಹಾಕಿತು. ಉಳಿದ ಜಾಗಕ್ಕೆ ಅವನು ತನ್ನ ತಿಳಿವಳಿಕೆಯಿಂದ ಒಂದು ಅಕ್ಷರ ತುಂಬಿದ. ಸಂಜೆಯ ಹೊತ್ತಿಗೆ ಕಚೇರಿಯ ಅಷ್ಟೂ ಕೊಠಡಿಗಳಿಗೆ ಸುದ್ದಿ ಮುಟ್ಟಿತ್ತು: ಇರಲಪ್ಪನವರ ಮನೆಯ ನೆಲಮಾಳಿಗೆಯಲ್ಲಿ ಭಾನುವಾರ ಕ್ಯಾಬರೆ. ಕುಣಿಯುವವಳಿಗೆ ಇಪ್ಪತ್ತೆರಡು ವರ್ಷ. ಸಾಹೇಬರೇ ಮುಖ್ಯ ಅತಿಥಿ.

"ನಮ್ಮ ಇರಲಪ್ಪನವರಾ? ಅಂಗೀನೇ ಬಿಚ್ಚಿ ಹಾಕ್ಕೊಳ್ಳದ ಮನುಷ್ಯ!"

"ಅಂಥವರನ್ನೇ ನಂಬಬಾರದು."

ಮರುದಿನ ಸುದ್ದಿ ಕಚೇರಿ ದಾಟಿ ಇರಲಪ್ಪನವರ ಬೀದಿಗೆ ಬಂತು. ಬೀದಿಯ ಸಂಘದ ಅಧ್ಯಕ್ಷೆ ಒಬ್ಬ ನಿವೃತ್ತ ಮುಖ್ಯೋಪಾಧ್ಯಾಯಿನಿ. ಮೂವತ್ತೈದು ವರ್ಷ ಮಕ್ಕಳಿಗೆ ವ್ಯಾಕರಣ ಕಲಿಸಿ, ಈಗ ಬೀದಿಯವರನ್ನು ತಿದ್ದುತ್ತಿದ್ದರು. ಸುಳ್ಳು ಸುದ್ದಿಯ ಬೆನ್ನು ಹತ್ತುವವರಲ್ಲ. ನೇರ ಬಂದು ಪ್ಲಾಸ್ಟಿಕ್ ಸುತ್ತಿದ ಕುರ್ಚಿಯಲ್ಲಿ ಪರಪರ ಎಂದು ಕೂತು ವಿಚಾರಣೆ ಶುರುಮಾಡಿದರು.

"ನಿಮ್ಮ ನೆಲಮಾಳಿಗೇಲಿ ಏನೋ ಇಟ್ಟಿದ್ದೀರಂತೆ?"

"ಹೌದು ಮೇಡಂ! ನಿಮಗೂ ಗೊತ್ತಾಯ್ತಾ?" ಇರಲಪ್ಪನವರ ಎದೆ ಎರಡು ಅಂಗುಲ ಉಬ್ಬಿತು.

"ವಯಸ್ಸೆಷ್ಟು?"

"ಇಪ್ಪತ್ತೆರಡು ತುಂಬಿತು."

"ಯಾರು ತಂದುಬಿಟ್ಟಿದ್ದು?"

"ನಮ್ಮಣ್ಣ. ಎರಡು ತಂದ. ಒಳ್ಳೇ ಅಕ್ಕತಂಗೀರ ಹಾಗಿವೆ. ಒಂದು ಈಗ, ಇನ್ನೊಂದು ಮುಂದಕ್ಕೆ ಇರಲಿ ಅಂತ."

ಅಧ್ಯಕ್ಷೆ ಕುರ್ಚಿಯ ಕೈ ಹಿಡಿದುಕೊಂಡರು. "ನಿಮ್ಮ ಮನೆಯವರಿಗೆ ಗೊತ್ತಾ ಇದು?"

"ಗೊತ್ತಿಲ್ದೆ ಏನು? ಈರುಳ್ಳಿ ತರೋಕೆ ಇಳಿದಾಗೆಲ್ಲ ಅವಳೇ ಧೂಳು ಒರೆಸಿ ಬರೋದು."

"ಧೂಳು! ... ಗಾಳಿ, ಬೆಳಕು?"

"ಅಯ್ಯೋ, ಬೆಳಕು ಸೋಕಿದ್ರೆ ಕೆಟ್ಟುಹೋಗುತ್ತೆ ಮೇಡಂ. ಬಂದ ದಿನದಿಂದ ಕತ್ತಲಲ್ಲೇ ಮಲಗಿಸಿದ್ದೀನಿ. ವರ್ಷಕ್ಕೊಂದು ಸಲ ಎತ್ತಿ ತೂಕ ನೋಡ್ತೀನಿ, ಅಷ್ಟೇ. ವರ್ಷ ವರ್ಷ ಇಳೀತಾ ಇದೆ. ಒಳ್ಳೇ ಲಕ್ಷಣ."

"ಭಾನುವಾರ ಹೊರಗೆ ಬಿಡ್ತೀರಾ?"

"ಬಿಡ್ದೆ ಮತ್ತೆ! ಸಾಹೇಬರು ಬರ್ತಾರಲ್ಲ. ಮೊದಲು ಅರ್ಧ ಗಂಟೆ ಉಸಿರಾಡೋಕೆ ಬಿಡಬೇಕಂತೆ."

"ಇಪ್ಪತ್ತೆರಡು ವರ್ಷ ಆದ್ಮೇಲೆ, ಅರ್ಧ ಗಂಟೆ!"

"ಅಷ್ಟು ಸಾಕು ಮೇಡಂ" ಎಂದು ಇರಲಪ್ಪನವರು ಸಮಾಧಾನ ಹೇಳಿದರು.

ಅಧ್ಯಕ್ಷೆ ಚಹಾ ಕೂಡ ಮುಟ್ಟದೆ ಎದ್ದುಹೋದರು. ಕ್ಯಾಬರೆಯಾದರೆ ಸಂಘದ ನಿಯಮ ತೋರಿಸಿ ನಿಲ್ಲಿಸಬಹುದಿತ್ತು; ಇದು ಹೆಣ್ಣುಮಕ್ಕಳಿಬ್ಬರನ್ನು ಈರುಳ್ಳಿ ಮೂಟೆಯ ಜೊತೆ ಕೂಡಿಹಾಕಿದ ವಿಷಯ. ಅದಕ್ಕಿಂತ ಅವರ ಹೊಟ್ಟೆ ಉರಿಸಿದ್ದು ಆ ಮನುಷ್ಯನ ಭಾಷೆ. "ಇದೆ ಅಂತಾನೆ, ಇವೆ ಅಂತಾನೆ! ಹೆಂಗಸರಿಗೆ ನಪುಂಸಕಲಿಂಗ ಹಚ್ಚಿ ಮಾತಾಡ್ತಾನಲ್ಲ!" ಎಂದು ಗೊಣಗುತ್ತ ನೇರ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದರು. ಭಾನುವಾರ ಎಲ್ಲರನ್ನೂ ಸಾಕ್ಷಿ ಸಮೇತ ಹಿಡಿಯೋಣ ಎಂದರು ಅಲ್ಲಿಯವರು.

ಭಾನುವಾರ ಮಧ್ಯಾಹ್ನ ಅಣ್ಣ ಬಸ್ಸಿಳಿದು ಒಬ್ಬರೇ ಬಂದರು. ಬಿಳಿ ಅಂಗಿ ಇಸ್ತ್ರಿ ಮಾಡಿಸಿ ಹಾಕಿಕೊಂಡಿದ್ದರು. ಹೊಸ್ತಿಲಲ್ಲಿ ಒಂದು ಗಳಿಗೆ ನಿಂತರು. ಒಲೆಯ ಮೇಲೆ ಅಂದು ನಿಜವಾಗಿಯೂ ಹಾಲು ಸೀದಿತ್ತು. ಇರಲಪ್ಪನವರ ಹೆಂಡತಿ ಮಾತಿಗೆ ಕಾದು ನಿಂತಿದ್ದಳು. ಅಣ್ಣ ಏನೂ ಕೇಳದೆ, "ಚೆನ್ನಾಗಿದ್ದೀಯಾಮ್ಮ?" ಎಂದು ಒಳಗೆ ಬಂದರು. ಅವಳು ಮುಖ ತಿರುಗಿಸಿಕೊಂಡು ಅಡುಗೆಮನೆಗೆ ಹೋದಳು. ಇರಲಪ್ಪನವರಿಗೆ ಇದೊಂದೂ ಕಾಣಿಸಲಿಲ್ಲ. ಅವರು ಅಟ್ಟದಿಂದ ಗಾಜಿನ ಲೋಟಗಳ ಪೆಟ್ಟಿಗೆ ಇಳಿಸುತ್ತಿದ್ದರು.

"ಮಗಳ ಮದುವೇಲೂ ತೆಗೀದೇ ಇದ್ದ ಲೋಟ" ಎಂದಳು ಹೆಂಡತಿ ಒಳಗಿನಿಂದಲೇ.

ನಾಲ್ಕಕ್ಕೆ ಸಾಹೇಬರು ಬಂದರು. ಅವರ ಬೆನ್ನಿಗೇ ಸುತ್ತಿಗೆ, ಅತ್ತರು ಪೂಸಿಕೊಂಡು, ಬಿಚ್ಚಿ ಮಡಿಸುವ ಕುರ್ಚಿಯೊಂದನ್ನು ಹೆಗಲಿಗೇರಿಸಿಕೊಂಡು ಬಂದ. ಅವನ ಹಿಂದೆ ಕಚೇರಿಯ ಎಂಟು ಜನ, ತಲೆ ಬಾಚಿ, ತಮ್ಮ ತಮ್ಮ ಕುರ್ಚಿಗಳೊಂದಿಗೆ. ಇಷ್ಟೊಂದು ಜನರಿಗೆ ವೈನಿನ ಮೇಲೆ ಆಸಕ್ತಿ ಇದೆಯೆಂದು ತಿಳಿದು ಇರಲಪ್ಪನವರ ಕಣ್ಣು ತುಂಬಿತು. "ಮುಂದಿನ ಸಾಲು ನನಗೆ" ಎಂದು ಸುತ್ತಿಗೆ ಮೆಟ್ಟಿಲ ಬುಡದಲ್ಲೇ ಕುರ್ಚಿ ಹಾಕಿದ.

ಆಗ ಬಾಗಿಲು ಧಡಾರೆಂದು ತೆರೆಯಿತು. ಅಧ್ಯಕ್ಷೆ, ಅವರ ಮುಂದೆ ಒಬ್ಬ ಪೊಲೀಸಪ್ಪ.

"ಯಾರೂ ಅಲ್ಲಾಡಬೇಡಿ!" ಎಂದು ಕೂಗಿ ಪೊಲೀಸಪ್ಪ ಹೊಂಡದ ಬಾಗಿಲಿಗೆ ಬಾಯಿ ಇಟ್ಟರು. "ಒಳಗಿರೋರು ಹೆದರಬೇಡಿ ತಾಯಂದಿರಾ! ನಾವು ಬಂದಿದ್ದೀವಿ!"

ಒಳಗಿನಿಂದ ಉತ್ತರವಿಲ್ಲ.

"ಪ್ರಜ್ಞೆ ತಪ್ಪಿರಬೇಕು" ಎಂದು ಅಧ್ಯಕ್ಷೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಪೊಲೀಸಪ್ಪ ಬಗ್ಗಿ ಇಳಿದರು. ಅಳತೆ ತಪ್ಪಿದ ಚೌಕಟ್ಟಿಗೆ ಹಣೆ ಬಡಿಯಿತು. ಸ್ವಲ್ಪ ಹೊತ್ತು ತಡಕಾಡಿದ ಸದ್ದು ಕೇಳಿಸಿ, ಕೊನೆಗೆ ಮೇಲೆ ಬಂದಾಗ ಅವರ ಒಂದು ಕೈಯಲ್ಲಿ ಈರುಳ್ಳಿ ಮೂಟೆ, ಇನ್ನೊಂದು ಕಂಕುಳಲ್ಲಿ ಎರಡು ಬಾಟಲಿ.

"ಎಲ್ಲಿ ಅವಳು?" ಎಂದರು ಅಧ್ಯಕ್ಷೆ.

"ಯಾರು ಮೇಡಂ?" ಎಂದರು ಇರಲಪ್ಪನವರು.

"ಅವಳೇ, ಕ್ಯಾಬರೆ!"

"ಕ್ಯಾಬರ್ನೆ ಮೇಡಂ. ನೆ. ದ್ರಾಕ್ಷಿ ಜಾತಿ." ಹೇಳುತ್ತ ಹೇಳುತ್ತ ಇರಲಪ್ಪನವರಿಗೆ ಆ ದಿನದ ವಿಚಾರಣೆಯ ಒಂದೊಂದು ಪ್ರಶ್ನೆಯೂ ಹೊಸ ಬೆಳಕಿನಲ್ಲಿ ಕಾಣಿಸಿ, ಕಿವಿಯವರೆಗೆ ಮುಖ ಕೆಂಪಾಯಿತು.

"ನನಗೆ ಆ 'ನೆ' ಕೇಳಿಸಲೇ ಇಲ್ಲ" ಎಂದು ಸುತ್ತಿಗೆ ಅಳುವ ಧ್ವನಿಯಲ್ಲಿ ಹೇಳಿದ. ಹಿಂದಿನ ಸಾಲಿನಲ್ಲಿ ನಾಲ್ಕು ಕುರ್ಚಿಗಳು ಒಂದೊಂದಾಗಿ ಮಡಿಸಿಕೊಂಡವು. ಅಧ್ಯಕ್ಷೆ ಮಾತ್ರ ಗಂಭೀರವಾಗಿ ಯೋಚಿಸಿ, "ಹಾಗಾದ್ರೆ ನಪುಂಸಕಲಿಂಗ ಸರಿಯಾಗೇ ಇತ್ತು" ಎಂದು ಒಪ್ಪಿಕೊಂಡು ಕೂತರು.

ಈ ಗಲಾಟೆಯಲ್ಲೆಲ್ಲ ಜೋರಾಗಿ ನಕ್ಕವರು ಅಣ್ಣ ಒಬ್ಬರೇ. ಮೂಲೆಯ ಕುರ್ಚಿಯಲ್ಲಿ ಕೂತು, ಹೊಟ್ಟೆ ಹಿಡಿದುಕೊಂಡು, ಕಣ್ಣೀರು ಬರುವವರೆಗೆ ನಕ್ಕರು. "ಎರಡು ತಂದವನು ನಾನೇ! ನನ್ನನ್ನ ಮೊದಲು ಹಿಡೀರಿ ಪೊಲೀಸಪ್ಪ!" ಎಂದರು.

ಇರಲಪ್ಪನವರು ಗೂಟದ ಮೇಲಿನ ತಿರುಪು ತಂದು ಒಂದು ಬಾಟಲಿಯ ಬಿರಡೆಗೆ ಹಾಕಿದರು. ಎಳೆದಾಗ ಬಿರಡೆ ಬರಲಿಲ್ಲ, ಪುಡಿಯಾಯಿತು. ಹೆಂಡತಿಯ ಚಹಾ ಸೋಸುವ ಜಾಲರಿಯಲ್ಲಿ ಸೋಸಿ, ಕಚೇರಿಯ ಐವತ್ತು ಮಿಲಿ ಅಳತೆಯಲ್ಲಿ ಹನಿ ಹೆಚ್ಚುಕಡಿಮೆಯಾಗದಂತೆ ಆರು ಲೋಟಗಳಿಗೆ ಸುರಿದರು. ಕೆಂಪಾಗಿರಬೇಕಾದದ್ದು ಇಟ್ಟಿಗೆ ತೊಳೆದ ನೀರಿನ ಬಣ್ಣಕ್ಕಿತ್ತು. ಅರ್ಧ ಗಂಟೆ ಉಸಿರಾಡಿಸುವ ಸಂಗತಿ ಯಾರಿಗೂ ನೆನಪಾಗಲಿಲ್ಲ.

ಸಾಹೇಬರು ಲೋಟ ತಿರುಗಿಸಿದರು. ಮೂಗಿಗೆ ಹಿಡಿದರು. ಅವರ ತಲೆ ಹಿಂದಕ್ಕೆ ಹೋಗಿ ಮುಂದಕ್ಕೆ ಬಂತು. ಒಂದು ಗುಟುಕು ಕುಡಿದರು. ಎಡಗಣ್ಣು ತಾನಾಗಿ ಮುಚ್ಚಿಕೊಂಡಿತು, ಬಹಳ ಹೊತ್ತು ತೆರೆಯಲಿಲ್ಲ. ಆದರೆ ಹದಿನೈದು ದಿನದ ತರಬೇತಿಯ ಮರ್ಯಾದೆ ಈಗ ಆ ಒಂದು ಗುಟುಕಿನ ಮೇಲೆ ನಿಂತಿತ್ತು.

"ಗಂಭೀರವಾಗಿದೆ" ಎಂದರು ಸಾಹೇಬರು, ಉಸಿರು ಸಿಕ್ಕಿದ ಮೇಲೆ. "ವಯಸ್ಸಾಗಿದೆ, ಗೊತ್ತಾಗುತ್ತೆ."

"ಭಾರೀ ಗಂಭೀರ ಸಾರ್" ಎಂದ ಸುತ್ತಿಗೆ. ಅವನ ಕಣ್ಣಿಂದ ನೀರು ಧಾರಾಕಾರ ಇಳಿಯುತ್ತಿತ್ತು. "ಕರುಳಿಗೇ ತಟ್ಟುತ್ತೆ."

"ಕೊನೇಲಿ ಒಂದು ಕಿಡಿ ಇದೆಯಲ್ಲ, ಅದು ವಿಶೇಷ" ಎಂದರು ಉಳಿದವರು, ಒಂದೇ ಲೋಟವನ್ನು ಕೈಯಿಂದ ಕೈಗೆ ದಾಟಿಸುತ್ತ, ಒಬ್ಬರ ಹಿಂದೆ ಒಬ್ಬರು. ಪೊಲೀಸಪ್ಪ ಕೆಲಸದ ಮೇಲಿದ್ದುದರಿಂದ ಕುಡಿಯಲಿಲ್ಲ. ಲೋಟ ಮೂಸಿ ನೋಡಿ, "ನಮ್ಮನೇಲಿ ಕಿಟಕಿ ಗಾಜು ಒರೆಸೋಕೆ ಇಂಥದ್ದೇ ಒಂದಿದೆ" ಎಂದರು. ಸಾಹೇಬರು ಅವರನ್ನು ಕರುಣೆಯಿಂದ ನೋಡಿದರು.

ಇರಲಪ್ಪನವರು ಕೊನೆಗೆ ಕುಡಿದರು. ಅವರಿಗೆ ತರಬೇತಿ ಇರಲಿಲ್ಲ. ಇದು ವೈನಲ್ಲ, ಹುಳಿದ್ರಾವಣ, ವಿನೆಗರ್. ಅಷ್ಟು ಅವರಿಗೂ ಗೊತ್ತಾಯಿತು. ತಟ್ಟನೆ ನೋಟುಪುಸ್ತಕ ಕಣ್ಣಮುಂದೆ ಬಂತು. ಎಂಟು ವರ್ಷ ಒಂದು ಗ್ರಾಂ ಕೂಡ ಕದಲದ ತೂಕ, ಒಂಬತ್ತರಿಂದ ಇಳಿಕೆ. ಬಿರಡೆ ಒಣಗಿ ಒಳಗಿನದು ಸೋರಿ, ಗಾಳಿ ಹೊಕ್ಕಿದ್ದನ್ನು ಅವರೇ ತಮ್ಮ ಕೈಯಾರೆ, ವರ್ಷ ತಪ್ಪದೆ, ಅಡಿಗೆರೆ ಎಳೆದು ಬರೆದಿಟ್ಟಿದ್ದರು. ಪ್ರಗತಿ ತೃಪ್ತಿಕರ.

ಅವರು ಮೂಲೆಯ ಕಡೆ ನೋಡಿದರು. ಅಣ್ಣ ಕಣ್ಣು ಮುಚ್ಚಿ, ಲೋಟವನ್ನು ಮೂಗಿಗೆ ಹಿಡಿದು ಕೂತಿದ್ದರು. ಮೂರನೇ ಸಾಲಿನ ಏಳನೇ ಪೀಪಾಯಿಯನ್ನು ಗುರುತಿಸಿದ ಮೂಗು ಅದು. ಇರಲಪ್ಪನವರು ನೆಲ ಬಿರಿಯಲಿ ಎಂದು ಕಾಯುತ್ತ ನಿಂತರು.

ಅಣ್ಣ ಕಣ್ಣು ತೆರೆದು ಒಂದು ಗುಟುಕು ಕುಡಿದರು. "ಚೆನ್ನಾಗಿದೆ ಕಣೋ" ಎಂದರು.

ಇರಲಪ್ಪನವರಿಗೆ ತಲೆಬುಡ ತಿಳಿಯಲಿಲ್ಲ. ಅಡುಗೆಮನೆಗೆ ಹೋದರು. ಹೆಂಡತಿ ಸೀದ ಹಾಲಿನ ಪಾತ್ರೆಯ ಮುಂದೆ ಸುಮ್ಮನೆ ನಿಂತಿದ್ದಳು.

"ಭಾವನಿಗೆ ವಾಸನೆ ಗೊತ್ತಾಗಲ್ಲ ಕಣ್ರೀ. ಆರು ತಿಂಗಳಾಯ್ತಂತೆ. ದೊಡ್ಡ ಜ್ವರ ಬಂತಲ್ಲ, ಆಮೇಲೆ ಹೋದದ್ದು ಬರಲೇ ಇಲ್ಲ. ನಿಮ್ಮ ಅತ್ತಿಗೆ ನಿನ್ನೆ ಫೋನಲ್ಲಿ ಅತ್ತುಬಿಟ್ರು. ನಿಮಗೆ ಹೇಳಬೇಡ ಅಂದಿದ್ದಾರಂತೆ ಭಾವ."

"ಯಾಕೆ?"

"ಹೇಳಿದ್ರೆ ನೀವು ಮತ್ತೆ, ಇರಲಿ, ವಾಸಿಯಾದ್ಮೇಲೆ ತೆಗೆಯೋಣ ಅಂದುಬಿಡ್ತೀರಿ ಅಂತ."

ಇರಲಪ್ಪನವರು ಅಲ್ಲೇ ಗೋಡೆಗೆ ಒರಗಿದರು. ಹದಿನಾಲ್ಕು ವರ್ಷ. ಹದಿನಾಲ್ಕು ವರ್ಷ ಆ ಮೂಗು ಇತ್ತು, ಮೊದಮೊದಲು ಆ ವೈನೂ ಇತ್ತು, ತಿರುಪು ಜೇಬಲ್ಲೋ ಗೂಟದಲ್ಲೋ ಇತ್ತು, ಲೋಟ ಅಟ್ಟದಲ್ಲಿತ್ತು. ಇಲ್ಲದೇ ಇದ್ದದ್ದು ಇವರ ಬಾಯಿಂದ ಹೊರಡಬೇಕಾದ ಒಂದು ಮಾತು. ಅವರಿಗೆ ಬಿಕ್ಕಿ ಅಳಬೇಕೆನಿಸಿತು, ಆದರೆ ನಡುಮನೆಯಲ್ಲಿ ಸಾಹೇಬರಿದ್ದರು.

ಸಾಹೇಬರು ತಲೆನೋವೆಂದು ಹೊರಟರು. ಕಚೇರಿಯವರು ಅವರನ್ನು ಹಿಂಬಾಲಿಸಿದರು. ಪೊಲೀಸಪ್ಪ ಹಣೆಗೆ ಔಷಧಿ ಹಚ್ಚಿಸಿಕೊಂಡು, ಅಧ್ಯಕ್ಷೆ ಇರಲಪ್ಪನವರ ಹೆಂಡತಿಗೆ ನೂರು ಸಲ ತಪ್ಪಾಯಿತೆಂದು ಹೇಳಿ ಹೋದರು. ನಡುಮನೆಯಲ್ಲಿ ಅಣ್ಣತಮ್ಮ ಇಬ್ಬರೇ ಉಳಿದರು, ನಡುವೆ ಅರ್ಧಕ್ಕಿಂತ ಹೆಚ್ಚು ಉಳಿದ ಬಾಟಲಿ.

"ಏನೋ, ಹೇಳು ಈಗ" ಎಂದರು ಅಣ್ಣ. "ವಾಸನೆ ಹೇಗಿದೆ? ನೀನೇ ಹೇಳಬೇಕು ಅಂತ ಅವತ್ತೇ ಮಾತಾಗಿತ್ತು."

ಇರಲಪ್ಪನವರು ಲೋಟ ಎತ್ತಿ ಮೂಗಿಗೆ ಹಿಡಿದರು. ಕಣ್ಣಿಗೆ ಖಾರ ಹತ್ತಿತು. ಹುಟ್ಟಿದಾರಭ್ಯ ಒಂದು ಗ್ರಾಂ ಸುಳ್ಳು ತೂಗದವರು ಅಂದು ತಕ್ಕಡಿಯನ್ನೇ ಪಕ್ಕಕ್ಕೆ ಇಟ್ಟರು.

"ಮೊದಲು ದ್ರಾಕ್ಷಿ ಬರುತ್ತೆ ಅಣ್ಣ. ಬುಟ್ಟಿ ತುಂಬಾ, ಬಿಸಿಲಲ್ಲಿ ಇಟ್ಟ ಹಾಗೆ. ಅದರ ಹಿಂದೇನೇ ಮರದ ವಾಸನೆ... ನೀನು ಕೆಲಸ ಮುಗಿಸಿ ಬಂದಾಗ ನಿನ್ನ ಅಂಗೀಲಿ ಬರ್ತಿತ್ತಲ್ಲ, ಅದು. ನಾವಿಬ್ರೂ ಒಂದೇ ಹಾಸಿಗೇಲಿ ಮಲಗ್ತಿದ್ವಲ್ಲ, ಆವಾಗ ಬರ್ತಿತ್ತಲ್ಲ."

"ಆಮೇಲೆ?"

"ಆಮೇಲೆ ಒಂಚೂರು ಮಣ್ಣು. ಮೊದಲ ಮಳೇದು. ಕೊನೇಲಿ... ಕೊನೇಲಿ ಏನೋ ಸಿಹಿ, ಹೆಸರು ಗೊತ್ತಾಗ್ತಿಲ್ಲ."

"ಹಾಂ. ಅದೇ" ಎಂದರು ಅಣ್ಣ. ಕಣ್ಣು ಮುಚ್ಚಿಕೊಂಡೇ ಲೋಟ ಖಾಲಿ ಮಾಡಿ, ಇನ್ನೊಂದಿಷ್ಟು ಹಾಕಿಸಿಕೊಂಡು ಅದನ್ನೂ ಕುಡಿದರು. ಜೊತೆಗೆ ಕೂತ ತಮ್ಮನೂ ಕುಡಿದರು. ಅಣ್ಣನಿಗೆ ಗೊತ್ತಾಗಲಿಲ್ಲವಲ್ಲ, ಅಷ್ಟು ಸಾಕು ಎಂದುಕೊಂಡು ಒಂದೊಂದು ಗುಟುಕನ್ನೂ ನುಂಗಿದರು.

ಬಿಸಿಲಿಳಿಯುವ ಮೊದಲು ಅಣ್ಣನನ್ನು ಬಸ್ಸು ಹತ್ತಿಸಲು ಹೋದರು. ಬಸ್ಸು ಬಂದು ನಿಂತಾಗ ಅಣ್ಣ ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟು ತಿರುಗಿದರು.

"ಇನ್ನೊಂದು ಬಾಟ್ಲಿ ಇದೆಯಲ್ಲ, ಅದನ್ನ ನಿನ್ನ ಹೆಂಡತಿಗೆ ಕೊಡು. ಈರುಳ್ಳಿ ನೆನೆಹಾಕೋಕೆ ಚೆನ್ನಾಗಿರುತ್ತೆ."

ಇರಲಪ್ಪನವರು ಬಸ್ಸಿನ ಬಾಗಿಲ ಕಂಬಿ ಹಿಡಿದರು. "ಅಣ್ಣ... ನಿನಗೆ ಗೊತ್ತಾಯ್ತಾ?"

"ಮೂಗು ಹೋಗಿದೆ. ನಾಲಿಗೆ ಹೋಗಿಲ್ವಲ್ಲೋ. ಹುಳಿ ಹಲ್ಲಿಗೇ ಗೊತ್ತಾಗುತ್ತೆ."

"ಮತ್ತೆ ಅಷ್ಟೊಂದು ಯಾಕೆ ಕುಡಿದೆ?"

"ನೀನು ಹೇಳ್ತಾ ಇದ್ದೆಯಲ್ಲ, ಚೆನ್ನಾಗಿತ್ತು."

"ಅಣ್ಣ, ಎಂಟನೇ ವರ್ಷ ನೀನು ತಿರುಪು ತಂದಾಗಲೇ ನಾನು..."

"ಇರಲಿ ಬಿಡೋ" ಎಂದರು ಅಣ್ಣ. ಬಸ್ಸು ಹೊರಟಿತು.

ಲಕ್ಷ ಸಲ ಆಡಿದ ಮಾತು ಮೊದಲ ಬಾರಿಗೆ ತಮ್ಮನ ಕಿವಿಗೇ ಬಂದು ಬಿದ್ದಿತ್ತು. ಇರಲಪ್ಪನವರು ಮನೆಗೆ ಬಂದು ಎರಡನೇ ಬಾಟಲಿಯನ್ನೂ ಈರುಳ್ಳಿ ಮೂಟೆಯನ್ನೂ ಅಡುಗೆಮನೆಯ ನೆಲದ ಮೇಲಿಟ್ಟು, ಚಾಕು ಹಿಡಿದು ಕೂತರು. ಈರುಳ್ಳಿ ಹೆಚ್ಚುವವರ ಕಣ್ಣಲ್ಲಿ ನೀರು ಬರುವುದು ಸಹಜ. ಇವರಿಗೆ ಮೊದಲನೆಯದರ ಸಿಪ್ಪೆ ಸುಲಿಯುವ ಮೊದಲೇ ಬಂತು. ಹೆಂಡತಿ ನೋಡಿಯೂ ನೋಡದವಳಂತೆ ಜಾಡಿ ತೊಳೆದು ತಂದಳು.

"ಎಷ್ಟು ದಿನ ನೆನೀಬೇಕು?" ಎಂದರು ಇರಲಪ್ಪನವರು.

"ಎಂಟು ದಿನ ಬಿಡಬೇಕು."

"ಎಂಟು ಅಂದ್ರೆ ಎಂಟೇನಾ?"

"ಎಂಟೇ."

ಇರಲಪ್ಪನವರು ಡಬ್ಬಿಯಿಂದ ಮಗಳು ಕೊಟ್ಟ ಪೆನ್ನು ತೆಗೆದರು. ಶಾಯಿ ಒಣಗಿ ಗಟ್ಟಿಯಾಗಿತ್ತು. ಬಿಸಿನೀರಲ್ಲಿ ಅದ್ದಿ, ಕೊಡವಿ, ಚೀಟಿಯಲ್ಲಿ ತಾರೀಖು ಬರೆದು ಜಾಡಿಗೆ ಅಂಟಿಸಿದರು. ಎಂಟನೇ ದಿನ ಕಚೇರಿಗೆ ರಜೆ ಹಾಕಿ, ಬೀರುವಿನ ಹೊಸ ಅಂಗಿಯನ್ನು ಕೆಳಗಿನ ಎರಡು ಗುಂಡಿ ಬಿಟ್ಟು ಹಾಕಿಕೊಂಡು, ಜಾಡಿಯನ್ನು ತೊಡೆಯ ಮೇಲಿಟ್ಟುಕೊಂಡು ಮೊದಲ ಬಸ್ಸಿಗೇ ಹೊರಟರು.

ಅಣ್ಣ ಜಗುಲಿಯಲ್ಲಿ ಕೂತಿದ್ದರು. ಇರಲಪ್ಪನವರು ಜಾಡಿ ಮುಂದಿಟ್ಟು ಮುಚ್ಚಳ ತೆಗೆದರು. ಅಣ್ಣ ಅಭ್ಯಾಸಬಲದಿಂದ ಬಗ್ಗಿ ಮೂಸಿದರು, ತಮ್ಮಷ್ಟಕ್ಕೆ ನಕ್ಕರು, ಒಂದು ಚೂರು ತೆಗೆದು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು. ಇರಲಪ್ಪನವರು ಉಸಿರು ಬಿಗಿಹಿಡಿದು ಕಾದರು.

"ಇನ್ನೊಂದೆರಡು ದಿನ ಇರಬೇಕಿತ್ತು ಕಣೋ" ಎಂದರು ಅಣ್ಣ.

ಹೇಳಿ, ಪಕ್ಕಕ್ಕೆ ಸರಿದು ತಮ್ಮನಿಗೆ ಜಾಗ ಮಾಡಿಕೊಟ್ಟು, ಇನ್ನೊಂದು ಚೂರು ತೆಗೆದುಕೊಂಡರು.